ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು?

ಕಾರ್ಖಾನೆಯೊಂದರ ವಿದ್ಯುತ್ ಕೋಣೆಯಲ್ಲಿ ಸಾಲಾಗಿ 30 ಎನರ್ಜಿ ಮೀಟರ್‌ಗಳಿವೆ ಎಂದುಕೊಳ್ಳಿ. ಹೆಣೆದ ಜೋಡಿ ತಂತಿಯೊಂದು ಮೀಟರಿನಿಂದ ಮೀಟರಿಗೆ ಹಾಯುತ್ತಾ ನಿಯಂತ್ರಣ ಕೊಠಡಿಯ ಕಂಪ್ಯೂಟರಿಗೆ ಬಂದು ಸೇರುತ್ತದೆ. ಮೂವತ್ತರ ಮಾತೂ ಆ ಎರಡೇ ಎಳೆಗಳ ಮೇಲೆ ಸಾಗಬೇಕು. ಉಪಕರಣಗಳ ಮಾಹಿತಿಯನ್ನು ದೂರದಿಂದಲೇ ತಂದು ಪರದೆಯ ಮೇಲೆ ತೋರಿಸುವ ಸ್ಕಾಡಾ ತಂತ್ರಾಂಶದಲ್ಲಿ ಈ ದಾರಿಯನ್ನು ಚಾನೆಲ್ ಎನ್ನುತ್ತಾರೆ. ಅದನ್ನು ಹೊಂದಿಸುವಾಗ ಪೋರ್ಟ್, ವೇಗ, ಪ್ಯಾರಿಟಿ (ದೋಷ ತಪಾಸಣೆಯ ಬಿಟ್) ಇವುಗಳನ್ನು ಎಲ್ಲರೂ ಎಚ್ಚರದಿಂದ ತುಂಬುತ್ತಾರೆ, ಏಕೆಂದರೆ ಅವು ತಪ್ಪಿದರೆ ಒಂದಕ್ಷರವೂ ಬರುವುದಿಲ್ಲ. ಟೈಮ್‌ಔಟ್ (ಉತ್ತರಕ್ಕಾಗಿ ಕಾಯುವ ಗರಿಷ್ಠ ಹೊತ್ತು) ಮತ್ತು ಮರುಪ್ರಯತ್ನದ ಅಂಕಿಗಳು ಮಾತ್ರ ಇದ್ದ ಹಾಗೇ ಉಳಿದುಬಿಡುತ್ತವೆ. ಆದರೆ ಜಾಲ ಚುರುಕಾಗಿರುತ್ತದೋ ತೆವಳುತ್ತದೋ ಎಂಬುದು ಬಹುಪಾಲು ನಿಂತಿರುವುದು ಆ ಎರಡು ಅಂಕಿಗಳ ಮೇಲೆಯೇ.

ತಂತಿಯ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಇಂಥ ಮೀಟರ್‌ಗಳು ಸಾಮಾನ್ಯವಾಗಿ ಮಾತಾಡುವುದು ಮಾಡ್‌ಬಸ್ ಭಾಷೆಯನ್ನು. ಅಮೆರಿಕದ ಮೋಡಿಕಾನ್ ಕಂಪನಿ 1979ರಲ್ಲಿ ತನ್ನ ಪಿಎಲ್‌ಸಿಗಳಿಗಾಗಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್‌ಗಳಿಗಾಗಿ) ರೂಪಿಸಿದ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ತರಗತಿಯಲ್ಲಿ ಹಾಜರಿ ಕರೆದಂತೆ ಇದರ ಕ್ರಮ: ಕಂಪ್ಯೂಟರ್ ಒಂದು ಸಂಖ್ಯೆಯನ್ನು ಕೂಗುತ್ತದೆ, ಆ ಸಂಖ್ಯೆಯ ಮೀಟರ್ ಮಾತ್ರ ಓಗೊಡುತ್ತದೆ. ಕೇಳದೆ ಯಾರೂ ಬಾಯಿ ತೆರೆಯುವಂತಿಲ್ಲ. ಎರಡು ಮೀಟರ್‌ಗಳಿಗೆ ಒಂದೇ ಸಂಖ್ಯೆ ಕೊಟ್ಟುಬಿಟ್ಟರೆ ಎರಡೂ ಒಟ್ಟಿಗೆ ಉತ್ತರಿಸಿ, ತಂತಿಯ ಮೇಲೆ ಗೊಂದಲವಷ್ಟೇ ಉಳಿಯುತ್ತದೆ.

ಕಂಪ್ಯೂಟರ್ ಕಳಿಸುವ ಪ್ರಶ್ನೆ ಹೀಗಿರಬಹುದು: 01 03 00 00 00 02. ಮೊದಲನೆಯದು ಮೀಟರಿನ ಸಂಖ್ಯೆ. 03 ಎಂದರೆ 'ರಿಜಿಸ್ಟರ್ ಓದಿ ಹೇಳು'. ರಿಜಿಸ್ಟರ್ ಎಂದರೆ ಮೀಟರ್ ತನ್ನ ಅಂಕಿಗಳನ್ನು ಇಟ್ಟುಕೊಳ್ಳುವ ಎರಡು ಬೈಟ್‌ಗಳ ಖಾನೆ. ಮುಂದಿನ ನಾಲ್ಕು ಬೈಟ್‌ಗಳು, ಮೊದಲ ರಿಜಿಸ್ಟರಿನಿಂದ ಶುರುಮಾಡಿ ಎರಡನ್ನು ಓದು ಎನ್ನುತ್ತವೆ. ಕೊನೆಗೆ ದೋಷ ಪತ್ತೆಗಾಗಿ ಇನ್ನೆರಡು ಬೈಟ್‌ಗಳು. ಉತ್ತರದ ನಡುವೆ 42 48 00 00 ಎಂದು ಬಂದರೆ, ದಶಮಾಂಶ ಸಂಖ್ಯೆಗಳನ್ನು ಬರೆಯುವ ಪ್ರಮಾಣಿತ ವಿಧಾನದಲ್ಲಿ ಅದರ ಬೆಲೆ ಸರಿಯಾಗಿ 50.0. ನಮ್ಮ ವಿದ್ಯುತ್ ಜಾಲದ ಆವರ್ತನ! ಆದರೆ ಎರಡು ರಿಜಿಸ್ಟರ್‌ಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದರಲ್ಲಿ ತಯಾರಕರೆಲ್ಲರೂ ಒಂದೇ ಕ್ರಮ ಪಾಲಿಸುವುದಿಲ್ಲ. ಅದಲುಬದಲಾಗಿ 00 00 42 48 ಎಂದು ಓದಿದರೆ ಸಿಗುವುದು ಸೊನ್ನೆಯೆಂದೇ ಕಾಣುವಷ್ಟು ಸಣ್ಣ ಸಂಖ್ಯೆ. ಸಂವಹನದಲ್ಲಿ ಯಾವ ದೋಷವೂ ಇಲ್ಲ, ದೋಷ ಪತ್ತೆಯ ಬೈಟ್‌ಗಳೂ ತಾಳೆಯಾಗುತ್ತವೆ, ಆದರೂ ಪರದೆಯ ಮೇಲೆ ಆವರ್ತನ ಸೊನ್ನೆ. ಮೀಟರಿನ ಮುಖದ ಮೇಲಿರುವ ಅಂಕಿಯನ್ನೂ ಪರದೆಯ ಅಂಕಿಯನ್ನೂ ಒಮ್ಮೆ ಕಣ್ಣಾರೆ ಹೋಲಿಸಿ ನೋಡುವ ಹಳೆಯ ಅಭ್ಯಾಸವನ್ನು ಬಿಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಈಗ ಸಮಯದ ಲೆಕ್ಕ. ಪ್ರಶ್ನೆ 8 ಬೈಟ್, ಉತ್ತರ 9 ಬೈಟ್. ಒಂದೊಂದು ಬೈಟ್ ತಂತಿಯ ಮೇಲೆ 11 ಬಿಟ್‌ಗಳಾಗಿ ಹೋಗುತ್ತದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಇಷ್ಟಕ್ಕೆ ಸುಮಾರು 20 ಮಿಲಿಸೆಕೆಂಡ್ ಸಾಕು. ಸಂದೇಶ ಮುಗಿಯಿತೆಂದು ತಿಳಿಸುವ ಮೂರೂವರೆ ಅಕ್ಷರಗಳ ಮೌನಕ್ಕೆ ಪ್ರತಿ ಸಲ ಸುಮಾರು 4 ಮಿಲಿಸೆಕೆಂಡ್. ಮೀಟರ್ ಉತ್ತರ ಸಿದ್ಧಪಡಿಸುವ ಹೊತ್ತನ್ನೂ ಸೇರಿಸಿ ಒಟ್ಟು 50 ಎಂದಿಟ್ಟುಕೊಂಡರೆ, 30 ಮೀಟರ್‌ಗಳ ಒಂದು ಸುತ್ತು ಒಂದೂವರೆ ಸೆಕೆಂಡಿಗೆ ಮುಗಿಯುತ್ತದೆ.

ಅಷ್ಟರಲ್ಲಿ ರಿಪೇರಿಗೆಂದು ಯಾರೋ ಒಂದು ಮೀಟರಿನ ವಿದ್ಯುತ್ ತೆಗೆಯುತ್ತಾರೆ. ಟೈಮ್‌ಔಟ್ 1 ಸೆಕೆಂಡ್, ಒಟ್ಟು ಪ್ರಯತ್ನ 3 ಎಂದು ಹೊಂದಿಸಲಾಗಿದೆ. ಕಂಪ್ಯೂಟರ್ ಕೇಳುತ್ತದೆ, ಕಾಯುತ್ತದೆ, ಮತ್ತೆ ಕೇಳುತ್ತದೆ. ಆ ಒಂದು ಮೀಟರ್ ಪ್ರತಿ ಸುತ್ತಿನಲ್ಲೂ 3 ಸೆಕೆಂಡ್ ನುಂಗುತ್ತದೆ. ಸುತ್ತಿನ ಅವಧಿ ಒಂದೂವರೆಯಿಂದ ನಾಲ್ಕೂವರೆ ಸೆಕೆಂಡಿಗೆ ಏರುತ್ತದೆ. ಚೆನ್ನಾಗಿರುವ 29 ಮೀಟರ್‌ಗಳ ಮಾಹಿತಿಯೂ ತಡವಾಗತೊಡಗಿದಾಗ 'ಜಾಲವೇ ನಿಧಾನ' ಎಂದು ಕೇಬಲ್ ಬದಲಿಸಲು, ವೇಗ ಏರಿಸಲು ಹೊರಡುವವರಿದ್ದಾರೆ. ವೇಗವನ್ನು ದುಪ್ಪಟ್ಟು ಮಾಡಿದರೂ ಆ 3 ಸೆಕೆಂಡ್ ಕರಗುವುದಿಲ್ಲ.

ಹಾಗೆಂದು ಟೈಮ್‌ಔಟ್ ಅನ್ನು ತೀರಾ ಕತ್ತರಿಸುವುದು ಇನ್ನೂ ಅಪಾಯ. ಮಾಡ್‌ಬಸ್ ಉತ್ತರದಲ್ಲಿ ಮೀಟರಿನ ಸಂಖ್ಯೆ ಇರುತ್ತದೆಯೇ ಹೊರತು ಅದು ಯಾವ ರಿಜಿಸ್ಟರಿನದೆಂಬ ಗುರುತು ಇರುವುದಿಲ್ಲ. ವೋಲ್ಟೇಜ್ ಕೇಳಿ, ಕಾಯಲಾರದೆ ಅದೇ ಮೀಟರನ್ನು ಆವರ್ತನ ಕೇಳಿದ ಕ್ಷಣದಲ್ಲೇ ಹಳೆಯ ಉತ್ತರ ಬಂದಿಳಿದರೆ, ಗಾತ್ರವೂ ಒಂದೇ ಆಗಿರುವಾಗ, ವೋಲ್ಟೇಜಿನ ಅಂಕಿ ಆವರ್ತನದ ಜಾಗದಲ್ಲಿ ಕೂರಬಹುದು. ಆದ್ದರಿಂದ ಮೀಟರ್ ನಿಜವಾಗಿ ತೆಗೆದುಕೊಳ್ಳುವ ಗರಿಷ್ಠ ಸಮಯವನ್ನು ಅಳೆದು, ಅದಕ್ಕಿಂತ ಧಾರಾಳವಾಗಿ ಟೈಮ್‌ಔಟ್ ಇಡಬೇಕು. ಸತ್ತ ಮೀಟರಿನ ಕಾಟಕ್ಕೆ ಮದ್ದು ಬೇರೆ ಇದೆ: ಒಮ್ಮೆ ಉತ್ತರಿಸದ ಸಾಧನವನ್ನು ಸುತ್ತಿನಿಂದ ಹೊರಗಿಟ್ಟು, ನಿಮಿಷಕ್ಕೊಮ್ಮೆ ಮಾತ್ರ ವಿಚಾರಿಸುವ ಆಯ್ಕೆ ಹಲವು ತಂತ್ರಾಂಶಗಳಲ್ಲಿದೆ. ಅದೂ ಸಾಲದಿದ್ದರೆ ಮೀಟರ್‌ಗಳನ್ನು ಎರಡು ಪ್ರತ್ಯೇಕ ತಂತಿಗಳಿಗೆ ಹಂಚಿ ಎರಡು ಚಾನೆಲ್ ಮಾಡಬೇಕು.

ಈಥರ್ನೆಟ್ ಮೇಲೆ ಓಡುವ ಮಾಡ್‌ಬಸ್ ಟಿಸಿಪಿಯಲ್ಲಿ ಪ್ರತಿ ಪ್ರಶ್ನೆಗೂ ಕ್ರಮಸಂಖ್ಯೆ ಹಾಕುವ ಏರ್ಪಾಡಿದೆ. ಉತ್ತರವೂ ಅದನ್ನೇ ಹೊತ್ತು ಬರುವುದರಿಂದ ತಡವಾಗಿ ಬಂದದ್ದನ್ನು ಗುರುತಿಸಿ ಬಿಸಾಡಬಹುದು. ಆದರೆ ಹಳೆಯ ಮೀಟರ್‌ಗಳ ಮುಂದೆ ಗೇಟ್‌ವೇ (ಈಥರ್ನೆಟ್ಟನ್ನೂ ಜೋಡಿ ತಂತಿಯನ್ನೂ ಬೆಸೆಯುವ ಸಾಧನ) ಇಟ್ಟಿದ್ದರೆ, ಅದರ ಹಿಂದೆ ಇರುವುದು ಅದೇ ಜೋಡಿ ತಂತಿ, ಅದೇ ಸರದಿ. ಗೇಟ್‌ವೇಗೂ ತನ್ನದೇ ಟೈಮ್‌ಔಟ್ ಇರುತ್ತದೆ. ತಂತ್ರಾಂಶದ ಟೈಮ್‌ಔಟ್ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವಾದರೆ ಗೇಟ್‌ವೇ ಇನ್ನೂ ಮೀಟರಿಗಾಗಿ ಕಾಯುತ್ತಿರುವಾಗಲೇ ತಂತ್ರಾಂಶ ಮತ್ತೆ ಮತ್ತೆ ಕೇಳುತ್ತಾ ಹೋಗಿ, ಯಾರಿಗೂ ಬೇಡವಾದ ಪ್ರಶ್ನೆಗಳು ಅಲ್ಲಿ ಸಾಲುಗಟ್ಟುತ್ತವೆ.