‘ಪುಶ್’ ಮಾಡುವುದು ಸುಲಭ, ತಳ್ಳುವುದು ಕಷ್ಟ

ಆಫೀಸಿನ ಕ್ಯಾಂಟೀನಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದೆ. ಬ್ರೇಕ್ ಕೆಟ್ಟ ಟ್ರಾಲಿಯೊಂದು ನುಗ್ಗಿ ಬರುತ್ತಿದೆ, ಮುಂದೆ ಹಳಿಯ ಮೇಲೆ ಐದು ಜನ. ನೀವು ಮೇಲಿನ ಸೇತುವೆಯಲ್ಲಿದ್ದೀರಿ, ಪಕ್ಕದಲ್ಲೊಬ್ಬ ದಢೂತಿ ಆಸಾಮಿ. ಅವನು ಕೆಳಗೆ ಬಿದ್ದರೆ ಟ್ರಾಲಿ ನಿಲ್ಲುತ್ತದೆ, ಐವರು ಉಳಿಯುತ್ತಾರೆ. ಪುಶ್ ಮಾಡ್ತೀರಾ? ಮೊಸರನ್ನ ಕಲಸುತ್ತಿದ್ದ ಗೆಳೆಯ ತಲೆಯನ್ನೂ ಎತ್ತಲಿಲ್ಲ. ‘ಫೈವ್ ಮೈನಸ್ ಒನ್, ಫೋರ್. ಪುಶ್.’

ಅದೇ ವಾರ ಅರಸೀಕೆರೆಗೆ ಹೋಗಿದ್ದಾಗ ಸೋದರಮಾವನನ್ನು ಕನ್ನಡದಲ್ಲಿ ಕೇಳಿದೆ. ಅವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ‘ಪಾಯಿಂಟ್ಸ್’ ನೋಡಿಕೊಂಡು, ನಿವೃತ್ತರಾದವರು. ಕಾಫಿ ಲೋಟ ಕೆಳಗಿಟ್ಟರು. ‘ತಳ್ಳೋದಾ? ಬದುಕಿರೋ ಮನುಷ್ಯನ್ನ?’ ಆಮೇಲೆ ತಮ್ಮ ಅಂಗೈ ತಾವೇ ನೋಡಿಕೊಂಡು, ‘ಯಾವ ಕೈಲಿ ತಳ್ಳೋದು ಕಣೋ?’ ಅಂದರು.

ಒಬ್ಬ ಗೆಳೆಯ, ಒಬ್ಬ ಮಾವ. ಇದು ಪ್ರಯೋಗವಲ್ಲ, ಹರಟೆ. ಆದರೆ ನಿಜವಾದ ಪ್ರಯೋಗವೂ ನಡೆದಿದೆ. 2014ರಲ್ಲಿ ಆಲ್ಬರ್ಟ್ ಕೋಸ್ಟಾ, ಬೋವಜ್ ಕೀಸರ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಅಮೆರಿಕ, ಕೊರಿಯಾ, ಫ್ರಾನ್ಸ್, ಇಸ್ರೇಲ್, ಸ್ಪೇನ್ ದೇಶದವರಿಗೆ ಕೇಳಿದರು. ಕೆಲವರಿಗೆ ತಾಯ್ನುಡಿಯಲ್ಲಿ, ಕೆಲವರಿಗೆ ಕಲಿತ ಭಾಷೆಯಲ್ಲಿ. ತಾಯ್ನುಡಿಯಲ್ಲಿ ತಳ್ಳುತ್ತೇವೆ ಅಂದವರು ಸುಮಾರು ಶೇ 20. ಕಲಿತ ಭಾಷೆಯಲ್ಲಿ ಶೇ 33. ತಳ್ಳುವ ಬದಲು ದೂರದಿಂದ ಸನ್ನೆಕೋಲು ಎಳೆದು ಟ್ರಾಲಿಯನ್ನು ಒಬ್ಬನಿರುವ ಹಳಿಗೆ ತಿರುಗಿಸಬಹುದು ಎಂದಾಗ ಮಾತ್ರ ಭಾಷೆಯಿಂದ ಏನೂ ವ್ಯತ್ಯಾಸವಾಗಲಿಲ್ಲ. ಯಾವ ಭಾಷೆಯಲ್ಲಿ ಕೇಳಿದರೂ ಹೆಚ್ಚಿನವರು ಎಳೆಯುತ್ತೇವೆ ಅಂದರು.

ನೀತಿಶಾಸ್ತ್ರ ಅಂದ ಕೂಡಲೇ ನಾವು ಜನರನ್ನು ಎರಡು ಪಂಗಡ ಮಾಡುತ್ತೇವೆ. ಕೊಲ್ಲಬಾರದು ಅಂದರೆ ಕೊಲ್ಲಬಾರದು ಅನ್ನುವ ಕರ್ತವ್ಯವಾದಿಗಳು, ಒಟ್ಟು ಲಾಭನಷ್ಟ ನೋಡಿ ಅನ್ನುವ ಪರಿಣಾಮವಾದಿಗಳು. ಈ ಸಂಖ್ಯೆಗಳನ್ನು ನೋಡಿದ ಮೇಲೆ ನನಗೆ ಅದರಲ್ಲಿ ನಂಬಿಕೆ ಹೋಯಿತು. ಪ್ರಶ್ನೆಪತ್ರಿಕೆಯ ಭಾಷೆ ಬದಲಾದರೆ ಅಲುಗಾಡುವುದು ಎಂಥ ಸಿದ್ಧಾಂತ?

ಯಾಕೆ ಹೀಗೆ? ‘ಬಿಸಿ’ ಅನ್ನುವ ಪದವನ್ನು ನಾವು ಕಲಿತದ್ದು ಒಲೆ ಮುಟ್ಟಿ, ಬೆರಳು ಸುಟ್ಟುಕೊಂಡು, ಅಮ್ಮನ ಕೈಲಿ ಬೈಸಿಕೊಂಡು. ‘ಹಾಟ್’ ಕಲಿತದ್ದು ಪುಸ್ತಕದ ಚಿತ್ರ ನೋಡಿ. ಮೊದಲನೆಯ ಪದಕ್ಕೆ ಚರ್ಮವಿದೆ, ಎರಡನೆಯದಕ್ಕೆ ಲ್ಯಾಮಿನೇಷನ್. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಪರಭಾಷೆ ಅಂದರೆ ಕೈಗವಸು ಹಾಕಿಕೊಂಡು ಮೆಣಸಿನಕಾಯಿ ಹೆಚ್ಚಿದ ಹಾಗೆ. ಕೆಲಸ ಆಗುತ್ತದೆ, ಉರಿ ತಟ್ಟುವುದಿಲ್ಲ. ಇನ್ನೂ ಅನುಮಾನವಿದ್ದರೆ ಇಂಗ್ಲಿಷಿನಲ್ಲಿ ದಿನಕ್ಕೆ ಹತ್ತು ಸಲ ಸಲೀಸಾಗಿ ಬರುವ ಆ ನಾಲ್ಕಕ್ಷರದ ಬೈಗುಳವನ್ನು ಕನ್ನಡಕ್ಕೆ ತಂದು ಮನೆಯಲ್ಲಿ ಒಮ್ಮೆ ಹೇಳಿ ನೋಡಿ. ‘ಸಾರಿ’ ಅನ್ನುವುದಕ್ಕೂ ಹೆಂಡತಿಯ ಮುಖ ನೋಡಿ ‘ತಪ್ಪಾಯ್ತು’ ಅನ್ನುವುದಕ್ಕೂ ಎಷ್ಟು ಅಂತರವಿದೆ ಎಂದು ಮದುವೆಯಾದವರಿಗೆ ವಿವರಿಸಬೇಕಿಲ್ಲ.

ಪರಭಾಷೆಯಲ್ಲಿ ತಡವರಿಸುತ್ತೇವೆ, ನಿಧಾನವಾಗಿ ಯೋಚಿಸುತ್ತೇವೆ, ಹಾಗಾಗಿ ಲೆಕ್ಕ ಸರಿಯಾಗುತ್ತದೆ ಎಂದು ವಾದಿಸುವವರಿದ್ದರು. ಕೇಳಲು ಚೆನ್ನಾಗಿದೆ. 2017ರಲ್ಲಿ ಸಯೂರಿ ಹಯಕಾವಾ ತಂಡ ಎರಡು ಎಳೆಗಳನ್ನೂ ಬಿಡಿಸಿ ಅಳೆಯಿತು. ಹಿತದ ಲೆಕ್ಕಾಚಾರ ಎಷ್ಟು, ಕೇಡು ಮಾಡಲು ಹಿಂಜರಿಕೆ ಎಷ್ಟು? ಪರಭಾಷೆಯಲ್ಲಿ ಲೆಕ್ಕವೇನೂ ಚುರುಕಾಗಿರಲಿಲ್ಲ, ಹಿಂಜರಿಕೆ ಮಂಕಾಗಿತ್ತು. ತಕ್ಕಡಿಯ ಒಂದು ತಟ್ಟೆ ಕೆಳಗಿಳಿದದ್ದು ಅದಕ್ಕೆ ತೂಕ ಹಾಕಿದ್ದರಿಂದಲ್ಲ, ಇನ್ನೊಂದು ತಟ್ಟೆಯಿಂದ ಯಾರೋ ಕಲ್ಲು ತೆಗೆದದ್ದರಿಂದ.

ಇದಕ್ಕೆ ಮೆದುಳಿನ ಸಾಕ್ಷ್ಯವೂ ಇದೆ. ಹಣೆಯ ಹಿಂದೆ, ಕೆಳಗೆ ನಡುಮಧ್ಯದಲ್ಲಿ ವೆಂಟ್ರೋಮೀಡಿಯಲ್ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಭಾಗವಿದೆ. (ದಯವಿಟ್ಟು ಇದನ್ನು ಆಜ್ಞಾಚಕ್ರ ಎಂದು ಫಾರ್ವರ್ಡ್ ಮಾಡಬೇಡಿ.) 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಈ ಭಾಗಕ್ಕೆ ಎರಡೂ ಕಡೆ ಹಾನಿಯಾಗಿದ್ದ ಆರು ಜನರಿಗೆ ತಳ್ಳುವಂಥ ಪ್ರಶ್ನೆಗಳನ್ನು ಹಾಕಿದರು. ಅವರ ಬುದ್ಧಿಶಕ್ತಿಗೆ ಏನೂ ಆಗಿರಲಿಲ್ಲ. ಆದರೂ ಉಳಿದವರಿಗಿಂತ ಎಷ್ಟೋ ಹೆಚ್ಚು ಸಲ ‘ತಳ್ಳಬಹುದು’ ಅಂದರು.

ಹಾಗಂತ ಪರಿಣಾಮವಾದಿಗಳಿಗೆಲ್ಲ ಮೆದುಳು ಕೆಟ್ಟಿದೆ ಅನ್ನುವುದು ಪೆದ್ದುತನ. ಉತ್ತರ ಮೆದುಳಿನ ಯಾವ ಮೂಲೆಯಿಂದ ಎದ್ದು ಬಂತು ಅನ್ನುವುದರಿಂದ ಅದು ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಪರಿಣಾಮವಾದಿ ತತ್ತ್ವಜ್ಞಾನಿ ಬೆಂಥಾಮ್‌ನ ಉದಾಹರಣೆಯನ್ನೇ ನೋಡಿ. ಹೆಚ್ಚು ಜನಕ್ಕೆ ಹೆಚ್ಚು ಹಿತ ಅಂದವನು, ಸತ್ತ ಮೇಲೂ ಉಪಯೋಗಕ್ಕೆ ಬರಲಿ ಎಂದು ದೇಹವನ್ನು ಕೊಯ್ದು ನೋಡಲು ಕೊಟ್ಟ. ಬಟ್ಟೆ ತೊಟ್ಟ ಅವನ ಅಸ್ಥಿಪಂಜರ ಮೇಣದ ತಲೆ ಹೊತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇವತ್ತಿಗೂ ಕೂತಿದೆ. ವಿಚಿತ್ರ ಆಸಾಮಿ, ನಿಜ. ಕಲ್ಲುಹೃದಯದವನಲ್ಲ.

ನನ್ನ ತಾಳ್ಮೆ ಕೆಡಿಸುವುದು ಇನ್ನೊಂದು ಮಾತು: ಕರ್ತವ್ಯ ನಮ್ಮದು, ಲಾಭದ ಲೆಕ್ಕ ಪಶ್ಚಿಮದ್ದು, ಕರ್ತವ್ಯವಾದಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೂಡ ಗೀತೆ ಓದಿಯೇ ಬರೆದದ್ದು! ಗೀತೆಯನ್ನು ಚಾರ್ಲ್ಸ್ ವಿಲ್ಕಿನ್ಸ್ ಇಂಗ್ಲಿಷಿಗೆ ತಂದದ್ದು 1785ರಲ್ಲಿ. ಕಾಂಟನ ನೀತಿಮೀಮಾಂಸೆಯ ಮೊದಲ ದೊಡ್ಡ ಪುಸ್ತಕ ಅಚ್ಚಾದದ್ದೂ 1785ರಲ್ಲೇ. ಕದಿಯಲು ಪುರುಸೊತ್ತೇ ಇರಲಿಲ್ಲ. ಇನ್ನು ಗೀತೆಯ ಮೊದಲ ಅಧ್ಯಾಯದಲ್ಲಿ ಕುಲ ನಾಶವಾದರೆ ಮುಂದೇನು ಗತಿ ಎಂದು ಪರಿಣಾಮಗಳನ್ನೇ ಪಟ್ಟಿ ಮಾಡುವವನು ಅರ್ಜುನ. ಫಲದ ಆಸೆ ಬಿಡು ಅನ್ನುವ ಕೃಷ್ಣನೂ ಮೂರನೆಯ ಅಧ್ಯಾಯದಲ್ಲಿ ಲೋಕಸಂಗ್ರಹ, ಅಂದರೆ ಲೋಕದ ಹಿತ, ನೋಡಿಯಾದರೂ ಕರ್ಮ ಮಾಡು ಅನ್ನುತ್ತಾನೆ. ಎರಡೂ ಎಳೆ ಒಂದೇ ಹಗ್ಗದಲ್ಲಿವೆ.

ಕಾಂಟ್ ಮಾತ್ರ ಹಗ್ಗ ಬಿಚ್ಚಿ ಒಂದೇ ಎಳೆ ಹಿಡಿದ. 1797ರ ಪ್ರಬಂಧವೊಂದರಲ್ಲಿ ಅವನ ಮುಂದಿದ್ದ ಪ್ರಶ್ನೆ: ಕೊಲೆಗಾರ ಬಾಗಿಲು ಬಡಿದು, ನಿನ್ನ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೆ? ಸುಳ್ಳು ಹೇಳುವಂತಿಲ್ಲ ಅಂದ ಕಾಂಟ್. ನೀನು ‘ಇಲ್ಲ’ ಅಂದೆ, ಅಷ್ಟರಲ್ಲಿ ಗೆಳೆಯ ಹೊರಗೆ ಜಾರಿಕೊಂಡಿದ್ದ, ಹಿಂದಿರುಗುವ ಕೊಲೆಗಾರನಿಗೆ ದಾರಿಯಲ್ಲಿ ಸಿಕ್ಕಿಬಿಟ್ಟ. ಆಗ ಆ ಸಾವು ನಿನ್ನ ಸುಳ್ಳಿನ ಖಾತೆಗೆ. ನಿಜ ಹೇಳಿದ್ದರೆ ನೆರೆಹೊರೆಯವರು ಬಂದು ಕೊಲೆಗಾರನನ್ನು ಹಿಡಿಯುತ್ತಿದ್ದರೇನೋ! ಪರಿಣಾಮ ನೋಡಬೇಡಿ ಅನ್ನುವವನು ಪರಿಣಾಮದ ಕಥೆ ಕಟ್ಟುವ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ನಗು ಬರುತ್ತದೆ.

ಮಾವನ ಹತ್ತಿರವೂ ಇಂಥದ್ದೇ ಒಂದು ಸಿಕ್ಕಿತು. ಸನ್ನೆಕೋಲು ಎಳೆಯುವ ಪ್ರಶ್ನೆಗೆ ಥಟ್ಟನೆ ‘ಗಾಡಿ ಮೇಲೆ ಬಂದಮೇಲೆ ಪಾಯಿಂಟ್ಸ್ ಮುಟ್ಟೋ ಹಾಗಿಲ್ಲ’ ಅಂದರು. ರೂಲು ಅಂದರೆ ರೂಲು. ಯಾಕೆ ಅಂದೆ. ‘ಮುಂದಿನ ಗಾಲಿ ಒಂದು ಲೈನು, ಹಿಂದಿನ ಗಾಲಿ ಇನ್ನೊಂದು ಲೈನು. ನಿನ್ನ ಐದು ಜನ ಇರಲಿ, ಗಾಡಿಯಲ್ಲಿ ಇರೋರ ಗತಿ?’

ಕಾಂಟನ ಪ್ರಶ್ನೆ ಮಹಾಭಾರತಕ್ಕೆ ಹೊಸದಲ್ಲ. ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿ ಬರುತ್ತಾನೆ, ಸುಳ್ಳಾಡುವುದಿಲ್ಲವೆಂದು ವ್ರತ ತೊಟ್ಟವನು. ದರೋಡೆಕೋರರಿಗೆ ಹೆದರಿ ಓಡಿಬಂದವರು ಎತ್ತ ಹೋದರು ಎಂದು ಕೇಳಿದಾಗ ನಿಜ ಹೇಳುತ್ತಾನೆ. ಅಡಗಿದ್ದವರೆಲ್ಲ ಕೊಲೆಯಾಗುತ್ತಾರೆ, ಸತ್ಯ ಹೇಳಿದ ಕೌಶಿಕ ನರಕಕ್ಕೆ ಹೋಗುತ್ತಾನೆ.

ಈ ಕಥೆಯನ್ನು ಕೃಷ್ಣ ಹೇಳುವ ಹೊತ್ತಿಗೆ ಅರ್ಜುನ ಅಣ್ಣನ ಮೇಲೆ ಕತ್ತಿ ಹಿರಿದು ನಿಂತಿದ್ದಾನೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದವನ ತಲೆ ತೆಗೆಯುತ್ತೇನೆಂದು ಅವನ ಪ್ರತಿಜ್ಞೆ, ಸಿಟ್ಟಿನಲ್ಲಿ ಹಾಗಂದವನು ಧರ್ಮರಾಯ. ಮಾತು ಉಳಿಯಬೇಕು, ಅಣ್ಣನೂ ಉಳಿಯಬೇಕು. ಕೃಷ್ಣ ದಾರಿ ತೋರಿಸುತ್ತಾನೆ: ಹಿರಿಯನನ್ನು ‘ನೀನು’ ಎಂದು ಏಕವಚನದಲ್ಲಿ ಕರೆ, ಕೊಲ್ಲದೆಯೇ ಕೊಂದಂತೆ.

‘ಯೂ’ ಒಂದೇ ಇರುವ ಇಂಗ್ಲಿಷಿನಲ್ಲಿ ಇದು ವಕೀಲರ ಕುಯುಕ್ತಿಯಂತೆ ಕೇಳಿಸುತ್ತದೆ. ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಶುರುವಾದ ಮಾತು, ಹಿರಿಯರೊಬ್ಬರಿಗೆ ‘ಏನೋ ನೀನು’ ಅಂದೊಡನೆ ಕಾಲರ್ ಪಟ್ಟಿಗೆ ಹೋದದ್ದನ್ನು ಕಂಡವರಿಗೆ ಹಾಗೆ ಕೇಳಿಸಲಾರದು.