ಬಾನೆಟ್ ಕೆಳಗೆ 150 ಗೀಸರ್

ನಮ್ಮ ಗ್ಯಾರೇಜಿಗೆ ಬಂದ ಗ್ರಾಹಕರೊಬ್ಬರು ಕಾರು ಆಫ್ ಮಾಡಿ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಒಳಗೆ ಫ್ಯಾನ್ ಮಾತ್ರ ಗುಂಯ್ ಎಂದು ತಿರುಗುತ್ತಲೇ ಇತ್ತು. "ಐದು ನಿಮಿಷ ಆಯ್ತು ಸಾರ್, ಇನ್ನೂ ನಿಂತಿಲ್ಲ. ಬಾನೆಟ್ ಮೇಲೆ ಕೈ ಇಡೋಕೆ ಆಗ್ತಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಟೆಂಪರೇಚರ್ ಮುಳ್ಳು ಬೇರೆ ಮೇಲೆ ಹೋಯ್ತು. ಇಂಜಿನ್ ಹೋಯ್ತಾ?"

ಎರಡು ಲೀಟರ್ ಇಂಜಿನ್, ಅದಕ್ಕೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ, 200 ಹಾರ್ಸ್‌ಪವರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಎರಡು ತಿಂಗಳಾಗಿತ್ತು. ಅದಕ್ಕೂ ಮೊದಲು ಅವರ ಹತ್ತಿರ ಇದ್ದದ್ದು ಸಣ್ಣ ಹ್ಯಾಚ್‌ಬ್ಯಾಕ್. ಅದು ಯಾವತ್ತೂ ಹೀಗೆ ಬಿಸಿಯಾಗಿರಲಿಲ್ಲವಂತೆ.

ಅವರು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ವಿಷಯಗಳಿದ್ದವು. ಬಾನೆಟ್ ಬಿಸಿಯಾಗುವುದು, ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುವುದು ಈ ಕಾರಿಗೆ ಸಹಜ. ಮುಳ್ಳು ಮೇಲೇರುವುದು ಸಹಜವಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಹೆದರುವವರು ಜಾಸ್ತಿ. ಹಾಗಾಗಿ ಸಹಜವಾದದ್ದನ್ನೇ ಮೊದಲು ಹೇಳುತ್ತೇನೆ.

ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಅದರಲ್ಲಿ ಕಾರನ್ನು ಓಡಿಸುವುದಕ್ಕೆ ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದದ್ದೆಲ್ಲ ಬಿಸಿ. ಅರ್ಧದಷ್ಟು ಸೈಲೆನ್ಸರ್ ದಾರಿ ಹಿಡಿಯುತ್ತದೆ, ಇನ್ನರ್ಧ ಇಂಜಿನ್ ತಣಿಸುವ ದ್ರವವಾದ ಕೂಲೆಂಟ್‌ಗೂ ಆಯಿಲ್‌ಗೂ ಸೇರುತ್ತದೆ. ಈಗ ಲೆಕ್ಕ ಹಾಕಿ. 200 ಹಾರ್ಸ್‌ಪವರ್ ಎಂದರೆ ಸುಮಾರು 150 ಕಿಲೋವ್ಯಾಟ್. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದರ ಎರಡರಷ್ಟು, ಅಂದರೆ 300 ಕಿಲೋವ್ಯಾಟ್ ಬಿಸಿ ಹೊರಗೆ ಹೋಗಲೇಬೇಕು. ನಮ್ಮ ಬಚ್ಚಲುಮನೆಯ ಗೀಸರ್ 2 ಕಿಲೋವ್ಯಾಟ್. ಅಂಥ 150 ಗೀಸರ್‌ಗಳನ್ನು ಬಾನೆಟ್ ಕೆಳಗೆ ಒಟ್ಟಿಗೆ ಹಚ್ಚಿದ ಹಾಗೆ.

ಹ್ಯಾಚ್‌ಬ್ಯಾಕ್‌ನಲ್ಲೂ ಇದೇ ಮೂರರಲ್ಲೊಂದರ ಲೆಕ್ಕ. ಆದರೆ ಅದು ಸುಡುವ ಪೆಟ್ರೋಲ್ ಕಡಿಮೆ. ಶಕ್ತಿ ಹೆಚ್ಚು ಬೇಕೆಂದರೆ ಪ್ರತಿ ಸೆಕೆಂಡಿಗೆ ಹೆಚ್ಚು ಪೆಟ್ರೋಲ್ ಸುಡಬೇಕು, ಬೇರೆ ದಾರಿ ಇಲ್ಲ. ಇಂಜಿನ್ ಗಾತ್ರ ಮಾತ್ರ ಅಷ್ಟೇ ಇರುತ್ತದೆ. ಮರ್ಸಿಡಿಸ್-ಎಎಂಜಿ ಎ 45 ಎಸ್ ಕಾರಿನ ಇಂಜಿನ್ ಕೂಡ ಎರಡೇ ಲೀಟರ್, ನಾಲ್ಕೇ ಸಿಲಿಂಡರ್. ಅದರಿಂದ 421 ಹಾರ್ಸ್‌ಪವರ್ ತೆಗೆದಿದ್ದಾರೆ. ಟರ್ಬೊ ಇಲ್ಲದ ಮಾಮೂಲಿ ಎರಡು ಲೀಟರ್ ಇಂಜಿನ್ ಕೊಡುವುದು 150ರ ಆಸುಪಾಸು. ಹೆಚ್ಚುಕಡಿಮೆ ಅಷ್ಟೇ ದೊಡ್ಡ ಲೋಹ, ಸುಮಾರು ಮೂರು ಪಟ್ಟು ಬೆಂಕಿ.

ಆ ಬೆಂಕಿ ಎಂಥದ್ದು ಗೊತ್ತಾ? ಸಿಲಿಂಡರ್ ಒಳಗೆ ಉರಿಯುವ ಗ್ಯಾಸ್ 2000 ಡಿಗ್ರಿ ದಾಟುತ್ತದೆ. ಪಿಸ್ಟನ್ ಅಲ್ಯೂಮಿನಿಯಂನದು, ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಆದರೂ ಕರಗುವುದಿಲ್ಲ. ಉರಿ ಇರುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಹಿಂದೆಯೇ ತಣ್ಣನೆಯ ಗಾಳಿ ಬರುತ್ತದೆ. ಪಿಸ್ಟನ್ ತಲೆಗೆ ಕೆಳಗಿನಿಂದ ಆಯಿಲ್ ಚಿಮ್ಮಿಸುವ ಸಣ್ಣ ನಳಿಕೆಗಳೂ ಇರುತ್ತವೆ. ಸುಟ್ಟ ಗ್ಯಾಸನ್ನು ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್‌ಗಳ ವ್ಯವಸ್ಥೆ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಅನೇಕ ಪರ್ಫಾರ್ಮೆನ್ಸ್ ಇಂಜಿನ್‌ಗಳಲ್ಲಿ ವಾಲ್ವ್ ಕಡ್ಡಿ ಟೊಳ್ಳು, ಒಳಗೆ ಸೋಡಿಯಂ ತುಂಬಿರುತ್ತಾರೆ. ಸೋಡಿಯಂ 98 ಡಿಗ್ರಿಗೆ ಕರಗಿ ದ್ರವವಾಗುತ್ತದೆ. ವಾಲ್ವ್ ಮೇಲೆ ಕೆಳಗೆ ಹಾರುವಾಗ ಅದೂ ಒಳಗೆ ತುಳುಕುತ್ತಾ ತಲೆಯ ಬಿಸಿಯನ್ನು ಕಡ್ಡಿಗೆ ಸಾಗಿಸುತ್ತದೆ.

ಟರ್ಬೊ ಬಂದ ಮೇಲೆ ಬಿಸಿಯ ಕಥೆ ಇನ್ನೂ ಉದ್ದ. ಎಕ್ಸಾಸ್ಟ್ ಗ್ಯಾಸ್ ದಾರಿಯಲ್ಲೇ ಟರ್ಬೊ ಕೂತಿರುತ್ತದೆ. ಪೂರ್ತಿ ಒತ್ತಡದಲ್ಲಿ ಆ ಗ್ಯಾಸ್ 900 ಡಿಗ್ರಿ ದಾಟುತ್ತದೆ, ಟರ್ಬೊದ ಮೈ ಕೆಂಡದಂತೆ ಕೆಂಪಾಗುತ್ತದೆ. ಇನ್ನೊಂದು ತುದಿಯಲ್ಲಿ ಅದು ಗಾಳಿಯನ್ನು ಒತ್ತುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಬುಡ ಬಿಸಿಯಾಗುತ್ತದೆ ಅಲ್ವಾ? ಹಾಗೆಯೇ 30 ಡಿಗ್ರಿ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ತಂದರೆ ಅದು ಸುಮಾರು 120 ಡಿಗ್ರಿ ಆಗುತ್ತದೆ. ಆ ಗಾಳಿ ಹಾಗೇ ಒಳಗೆ ಹೋದರೆ ಇಂಜಿನ್ ನಾಕ್ ಆಗುತ್ತದೆ, ಅಂದರೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಬಡಿಯುತ್ತದೆ. ಅದಕ್ಕೇ ಮಧ್ಯದಲ್ಲಿ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ನಾಕ್ ಸುಳಿವು ಸಿಕ್ಕ ಕೂಡಲೇ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಸ್ಪಾರ್ಕನ್ನು ತಡ ಮಾಡುತ್ತದೆ. ತಡವಾಗಿ ಉರಿದ ಪೆಟ್ರೋಲ್‌ನ ಬಿಸಿ ಪಿಸ್ಟನ್ ತಳ್ಳುವ ಬದಲು ಎಕ್ಸಾಸ್ಟ್‌ಗೆ ಹೋಗುತ್ತದೆ. ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತದೆ. ಪೆಟ್ರೋಲ್‌ನ ಆಕ್ಟೇನ್ ಅಂಕಿ ಹೆಚ್ಚಿದ್ದಷ್ಟೂ ಅದು ನಾಕ್ ಆಗುವುದು ಕಡಿಮೆ. ಪೆಟ್ರೋಲ್ ಮುಚ್ಚಳದ ಮೇಲೆ 95 ಎಂದು ಬರೆದಿದ್ದರೆ 95 ಆಕ್ಟೇನ್ ಹಾಕಿಸಿ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ. ಅದು ಸುಮ್ನೆ ಬರೆದಿದ್ದಲ್ಲ.

ಇದರ ತುತ್ತತುದಿ ನೋಡಬೇಕೆಂದರೆ 2005ರ ಬುಗಾಟಿ ವೇರಾನ್. 8 ಲೀಟರ್, 16 ಸಿಲಿಂಡರ್, ನಾಲ್ಕು ಟರ್ಬೊ, 1001 ಹಾರ್ಸ್‌ಪವರ್. ಗಂಟೆಗೆ 400 ಕಿಲೋಮೀಟರ್ ಮೀರಿದ ವೇಗದಲ್ಲಿ ಅದರ 100 ಲೀಟರ್ ಟ್ಯಾಂಕ್ ಸುಮಾರು 12 ನಿಮಿಷಕ್ಕೆ ಖಾಲಿ. ನಮ್ಮ 9 ಯೂನಿಟ್ ಲೆಕ್ಕದಲ್ಲಿ ಅದು 4500 ಕಿಲೋವ್ಯಾಟ್. ಇಂಜಿನ್ ಕೊಡುವುದು 736. ಒಳಗಿನ ಬಿಸಿ ಇಳಿಸಲಿಕ್ಕೆಂದೇ ಒಂದಷ್ಟು ಪೆಟ್ರೋಲ್ ಜಾಸ್ತಿ ಹಾಕಿರುತ್ತಾರೆ, ಅದು ಪೂರ್ತಿ ಸುಡುವುದಿಲ್ಲ. ಆದರೂ ಉಳಿದ ಬಿಸಿಯನ್ನು ಹೊರಹಾಕಲು ಆ ಕಾರಿಗೆ ಹತ್ತು ರೇಡಿಯೇಟರ್ ಬೇಕಾಯಿತು. ಮೆಕ್‌ಲಾರೆನ್ ಎಫ್1 ಕಾರಿನಲ್ಲಿ ಅದರ ವಿನ್ಯಾಸಕ ಗಾರ್ಡನ್ ಮರ್ರಿ ಇಂಜಿನ್ ಸುತ್ತಲ ಗೋಡೆಗೆ ಚಿನ್ನದ ತಗಡನ್ನೇ ಹಚ್ಚಿದರು. ಆಡಂಬರಕ್ಕಲ್ಲ. ಚಿನ್ನ ಕಾವನ್ನು ವಾಪಸ್ ಹೊಡೆಯುತ್ತದೆ, ಹಿಂದಿರುವ ಕಾರ್ಬನ್ ಫೈಬರ್ ಬಾಡಿ ಉಳಿಯುತ್ತದೆ.

ಬೆಂಗಳೂರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕಾರಿನ ಕೂಲೆಂಟ್ 100 ದಾಟಿದರೂ ಕುದಿಯದೆ ಇರುವುದು ರೇಡಿಯೇಟರ್ ಮುಚ್ಚಳ ಕುಕ್ಕರಿನ ಹಾಗೆ ಒತ್ತಡ ಹಿಡಿದಿಡುವುದರಿಂದ. ಬಿಸಿಯಾಗಿದ್ದಾಗ ಆ ಮುಚ್ಚಳ ತೆಗೆಯಬೇಡಿ, ದಯವಿಟ್ಟು. ಹಾಗೆ ತೆಗೆದು ಮುಖ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಇನ್ನು ಆ ಫ್ಯಾನ್. ಇಂಜಿನ್ ನಿಂತ ಕೂಡಲೇ ಆಯಿಲ್ ಓಡಾಟ ನಿಲ್ಲುತ್ತದೆ. ಕೆಂಡದಂತಿರುವ ಟರ್ಬೊದ ಬೇರಿಂಗ್‌ನಲ್ಲಿ ಉಳಿದ ಆಯಿಲ್ ಸುಟ್ಟು ಕರಿ ಹಿಡಿಯಬಹುದು. ಅದನ್ನು ತಡೆಯಲು ಈ ಕಾರಿನಲ್ಲಿ ಸಣ್ಣ ಎಲೆಕ್ಟ್ರಿಕ್ ಪಂಪ್ ಕೂಲೆಂಟ್ ಓಡಿಸುತ್ತಲೇ ಇರುತ್ತದೆ, ಜೊತೆಗೆ ಫ್ಯಾನ್. ನಂದಿ ಬೆಟ್ಟ ಜೋರಾಗಿ ಹತ್ತಿಸಿದ್ದರೆ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ ನಿಲ್ಲಿಸಿ. ಪಂಪ್‌ಗೂ ಹಗುರ, ಟರ್ಬೊಗೂ ಹಗುರ.

ಹಾಗಾದರೆ ಮುಳ್ಳು ಯಾಕೆ ಮೇಲೆ ಹೋಯಿತು? ಮುಂದಿನ ಬಂಪರ್ ಬಿಚ್ಚಿದಾಗ ಗೊತ್ತಾಯಿತು. ಹಿಂದೆ ಯಾರೋ ಬಂಪರ್ ರಿಪೇರಿ ಮಾಡಿದವರು ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ತಡಿಕೆಗಳನ್ನೂ ಫೋಮ್ ಪಟ್ಟಿಗಳನ್ನೂ ವಾಪಸ್ ಹಾಕಿರಲಿಲ್ಲ. ಹೈವೇಯಲ್ಲಿ ಎದುರುಗಾಳಿ ಇರುವುದರಿಂದ ಅದು ತಿಳಿದಿರಲಿಲ್ಲ. ಟ್ರಾಫಿಕ್‌ನಲ್ಲಿ ನಿಂತಾಗ ಫ್ಯಾನ್ ಮುಂದಿನ ಹೊಸ ಗಾಳಿಯ ಬದಲು ಇಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸಿ ಎಳೆಯುತ್ತಿತ್ತು. ಇಂಜಿನ್‌ನಲ್ಲಿ ಏನೂ ದೋಷ ಇರಲಿಲ್ಲ.

ತಡಿಕೆಗಳನ್ನು ತರಿಸಿ ಹಾಕಿದೆವು. ಸಂಜೆ ಆರು ಗಂಟೆಗೆ ಅವರನ್ನೇ ಕೂರಿಸಿಕೊಂಡು ಅದೇ ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಹೋದೆ. ಮುಳ್ಳು ಮಧ್ಯದಿಂದ ಕದಲಲಿಲ್ಲ. ಗ್ಯಾರೇಜಿಗೆ ಬಂದು ಆಫ್ ಮಾಡಿದಾಗ ಫ್ಯಾನ್ ಮತ್ತೆ ಗುಂಯ್ ಎಂದಿತು. ಈ ಸಲ ಅವರು ಏನೂ ಕೇಳಲಿಲ್ಲ. ವಾಚ್ ನೋಡುತ್ತಾ ನಿಂತರು. ನಾಲ್ಕು ನಿಮಿಷಕ್ಕೆ ನಿಂತಿತು.