ಒಂದೇ ಮನೆ, ಎರಡು ಫೋನ್: ಬೇರೆ ಬೇರೆ ಚುನಾವಣಾ ಜಾಹೀರಾತು ಏಕೆ?

ಪ್ರಶ್ನೆ: ಚುನಾವಣೆ ಹತ್ತಿರವಾದಾಗ ನನ್ನ ಫೇಸ್‌ಬುಕ್‌ಗೆ ಒಂದು ಪಕ್ಷದ ಗ್ಯಾಸ್ ಬೆಲೆಯ ಜಾಹೀರಾತು ಬರುತ್ತದೆ. ಮಗನಿಗೆ ಅದೇ ಪಕ್ಷದ್ದು, ಆದರೆ ಉದ್ಯೋಗದ ಬಗ್ಗೆ. ನಾವು ಯಾರೆಂದು ಪಕ್ಷಕ್ಕೆ ಹೇಗೆ ಗೊತ್ತು?

ಉತ್ತರ: ಬಹುಪಾಲು ಸಲ ಗೊತ್ತಿರುವುದು ಪಕ್ಷಕ್ಕಲ್ಲ, ಫೇಸ್‌ಬುಕ್‌ಗೆ. ಇಂಥ ಊರು, ಇಷ್ಟು ವಯಸ್ಸಿನ ಮಹಿಳೆಯರು ಎಂದು ಆರಿಸಿ ಹಣ ಕಟ್ಟಿದರೆ ಸಾಕು. ಅವರಲ್ಲಿ ಯಾರಿಗೆ ತೋರಿಸಿದರೆ ಫಲವಿದೆ ಎಂಬುದನ್ನು ಕಂಪನಿಯ ಅಲ್ಗಾರಿದಂ ಲೆಕ್ಕ ಹಾಕುತ್ತದೆ. ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಆತಂಕ ಅದರದ್ದೇ. ಸದಸ್ಯತ್ವ ಅಭಿಯಾನದಲ್ಲೋ ಮಿಸ್ಡ್ ಕಾಲ್ ಕೊಟ್ಟೋ ನಿಮ್ಮ ನಂಬರ್ ಪಕ್ಷದವರ ಕೈ ಸೇರಿದ್ದರೆ, ಅಂಥ ನಂಬರುಗಳ ಪಟ್ಟಿಯನ್ನೇ ಅವರು ಅಪ್‌ಲೋಡ್ ಮಾಡಬಹುದು. ಫೇಸ್‌ಬುಕ್ ಅದನ್ನು ತನ್ನಲ್ಲಿರುವ ಖಾತೆಗಳೊಂದಿಗೆ ತಾಳೆ ಹಾಕುತ್ತದೆ. ಬೇಕೆಂದರೆ ಅವರನ್ನು ಹೋಲುವವರನ್ನೂ ಹುಡುಕಿಕೊಡುತ್ತದೆ.

ಎಲ್ಲ ಕಂಪನಿಗಳೂ ಇಷ್ಟಕ್ಕೆ ಒಪ್ಪುವುದಿಲ್ಲ. ಗೂಗಲ್ 2019ರ ಕೊನೆಯಲ್ಲಿ ಪ್ರಕಟಿಸಿದ ನಿಯಮದಂತೆ ಚುನಾವಣಾ ಜಾಹೀರಾತಿಗೆ ವಯಸ್ಸು, ಲಿಂಗ, ಪ್ರದೇಶ ಮತ್ತು ಜನ ನೋಡುತ್ತಿರುವ ಪುಟದ ವಿಷಯ, ಇಷ್ಟನ್ನೇ ಆಧಾರ ಮಾಡಬಹುದು. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ 2022ರ ಜನವರಿಯಲ್ಲಿ ಧರ್ಮ, ರಾಜಕೀಯ ನಂಬಿಕೆಯಂಥ ಸೂಕ್ಷ್ಮ ವಿಷಯಗಳ ಆಸಕ್ತಿ ನೋಡಿ ಗುರಿಯಿಡುವ ಆಯ್ಕೆಗಳನ್ನು ತೆಗೆಯಿತು. ನಂಬರ್ ಪಟ್ಟಿಯ ದಾರಿ ಉಳಿಯಿತು. ಯುರೋಪಿಯನ್ ಒಕ್ಕೂಟದ ಹೊಸ ಕಾನೂನು 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ ಮೆಟಾ, ಗೂಗಲ್ ಎರಡೂ ಅಲ್ಲಿ ರಾಜಕೀಯ ಜಾಹೀರಾತನ್ನೇ ನಿಲ್ಲಿಸಿದವು. ಕಾನೂನು ಬಿಗಿಯಾದರೆ ಕಂಪನಿಗಳು ದಾರಿ ಬದಲಿಸುತ್ತವೆ ಎಂದಾಯಿತು.

ನಮ್ಮಲ್ಲಿ ಪಕ್ಷ, ಅಭ್ಯರ್ಥಿಗಳ ಇಂಥ ಜಾಹೀರಾತಿಗೆ ಚುನಾವಣಾ ಆಯೋಗದ ಮಾಧ್ಯಮ ಸಮಿತಿಯ ಪೂರ್ವಾನುಮತಿ ಬೇಕು. ಯಾರು ಹಣ ಕೊಟ್ಟರು, ಸುಮಾರು ಎಷ್ಟು ಎಂಬುದು ಮೆಟಾದ ಆ್ಯಡ್ ಲೈಬ್ರರಿಯಲ್ಲಿ 7 ವರ್ಷ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಪಕ್ಷದ ಹೆಸರಿಲ್ಲದ, ಪಕ್ಷದ ಪರವಾಗಿಯೇ ಖರ್ಚು ಮಾಡುವ ಪೇಜುಗಳೂ ಸಿಗುತ್ತವೆ; ಅವನ್ನು ಗಮನವಿಟ್ಟು ನೋಡಿ. ಯೂಟ್ಯೂಬರ್‌ಗೆ ನೇರವಾಗಿ ಕೊಟ್ಟ ಹಣವಾಗಲಿ, ವಾಟ್ಸ್‌ಆ್ಯಪ್ ಗ್ರೂಪಿನ ಫಾರ್ವರ್ಡ್ ಆಗಲಿ ಅಲ್ಲಿ ಕಾಣುವುದಿಲ್ಲ.

ನಿಮ್ಮ ವಿಷಯ ತಿಳಿಯಬೇಕೇ? ಜಾಹೀರಾತಿನ ಮೇಲಿನ ಮೂರು ಚುಕ್ಕಿ ಒತ್ತಿ, ಇದು ನನಗೇಕೆ ಕಾಣುತ್ತಿದೆ ಎಂಬ ಆಯ್ಕೆ ತೆರೆಯಿರಿ. ನಂಬರ್ ಪಟ್ಟಿ ಬಳಸಿದ್ದರೆ ಅದನ್ನು ಅಲ್ಲಿ ಹೇಳಿರುತ್ತದೆ. ಜಾಹೀರಾತು ಸೆಟ್ಟಿಂಗ್‌ನಲ್ಲಿ ರಾಜಕೀಯ ವಿಷಯ ಕಡಿಮೆ ತೋರಿಸಿ ಎಂದೂ ಆರಿಸಿಕೊಳ್ಳಬಹುದು.